ಡೀಸೆಲ್ ಅಂದರೆ ಯಾರು? ರುಡಾಲ್ಫ್ ಡೀಸೆಲ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಲಾರಿ, ಟ್ರ್ಯಾಕ್ಟರ್, ಬಸ್ಸು, ಜನರೇಟರ್, ಬೋರ್‌ವೆಲ್ ಗಾಡಿ. ಇವುಗಳ ಹತ್ತಿರ ಕೆಲಸ ಮಾಡುವವರು ದಿನಕ್ಕೆ ಎಷ್ಟು ಸಲ 'ಡೀಸೆಲ್' ಅನ್ನುತ್ತಾರೋ ಲೆಕ್ಕವಿಲ್ಲ. ಅದು ಒಬ್ಬ ಮನುಷ್ಯನ ಮನೆತನದ ಹೆಸರು ಅಂತ ಹೇಳಿದರೆ ಅರ್ಧ ಜನ ನಂಬುವುದಿಲ್ಲ. ನಂಬಿದವರು ಕೇಳುವ ಪ್ರಶ್ನೆಗಳು ಇಲ್ಲಿವೆ, ನಂಬದವರದ್ದೂ ಕೆಲವು ಇವೆ.

ಡೀಸೆಲ್ ಅನ್ನೋದು ಎಣ್ಣೆಯ ಹೆಸರಲ್ವಾ?

ಈಗ ಹೌದು. ಆದರೆ ಮೊದಲು ಮನುಷ್ಯ, ಆಮೇಲೆ ಇಂಜಿನ್, ಕೊನೆಗೆ ಎಣ್ಣೆ. ರುಡಾಲ್ಫ್ ಡೀಸೆಲ್ ಕಂಡುಹಿಡಿದದ್ದು ಇಂಜಿನ್ನನ್ನು. ಎಣ್ಣೆಗೂ ಆತನಿಗೂ ನೇರ ಸಂಬಂಧವೇ ಇಲ್ಲ. ಕಚ್ಚಾ ತೈಲವನ್ನು ಬಟ್ಟಿ ಇಳಿಸಿದಾಗ ಸೀಮೆಎಣ್ಣೆಗಿಂತ ಸ್ವಲ್ಪ ಭಾರವಾದ ಒಂದು ಭಾಗ ಸಿಗುತ್ತದೆ. ಅದಕ್ಕೆ ಆಗ 'ಗ್ಯಾಸ್ ಆಯಿಲ್' ಅನ್ನುತ್ತಿದ್ದರು. ಈ ಇಂಜಿನ್ನಿಗೆ ಅದು ಚೆನ್ನಾಗಿ ಹೊಂದಿಕೊಂಡಿತು. 'ಡೀಸೆಲ್ ಇಂಜಿನ್ನಿಗೆ ಹಾಕುವ ಎಣ್ಣೆ' ಅನ್ನುವುದು ಜನರ ಬಾಯಲ್ಲಿ ಸವೆದು ಸವೆದು ಬರೀ ಡೀಸೆಲ್ ಆಯಿತು.

ತಮಾಷೆ ಏನೆಂದರೆ, ತನ್ನ ಇಂಜಿನ್ನಿಗೆ ಇಂಥದ್ದೇ ಇಂಧನ ಬೇಕು ಅಂತ ರುಡಾಲ್ಫ್‌ಗೆ ಹಟವೇ ಇರಲಿಲ್ಲ. ಕಲ್ಲಿದ್ದಲ ಪುಡಿಯಿಂದಲೂ ಓಡಿಸಬಹುದು ಅಂತ ಶುರುವಿನಲ್ಲಿ ಆಸೆ ಇಟ್ಟುಕೊಂಡಿದ್ದ. ಏನು ಹಾಕಿದರೂ ಓಡುವ ಇಂಜಿನ್ ಬೇಕೆಂದವನ ಹೆಸರು ಒಂದೇ ಒಂದು ಎಣ್ಣೆಗೆ ಅಂಟಿಕೊಂಡಿತು.

ಆತ ಯಾವ ದೇಶದವನು?

ಅಪ್ಪ ಅಮ್ಮ ಜರ್ಮನಿಯ ಬವೇರಿಯಾ ಕಡೆಯವರು, ಮಗ ಹುಟ್ಟಿದ್ದು ಪ್ಯಾರಿಸ್‌ನಲ್ಲಿ, 1858ರ ಮಾರ್ಚ್ 18ರಂದು. ಅಪ್ಪ ಥಿಯೋಡೋರ್ ಪುಸ್ತಕಕ್ಕೆ ರಟ್ಟು ಕಟ್ಟುವ, ಚರ್ಮದ ಸಾಮಾನು ಮಾಡುವ ಕಸುಬಿನವನು. 1870ರಲ್ಲಿ ಫ್ರಾನ್ಸ್ ಮತ್ತು ಪ್ರಷ್ಯಾ (ಆಗಿನ ದೊಡ್ಡ ಜರ್ಮನ್ ರಾಜ್ಯ) ನಡುವೆ ಯುದ್ಧ ಬಿತ್ತು. ಪ್ಯಾರಿಸ್‌ನಲ್ಲಿದ್ದ ಜರ್ಮನ್ನರು ಊರು ಬಿಡಬೇಕಾಯಿತು. ಡೀಸೆಲ್ ಕುಟುಂಬ ಲಂಡನ್ನಿಗೆ ಹೋಯಿತು. ಅಲ್ಲೂ ಕಷ್ಟವೇ. ಹನ್ನೆರಡು ವರ್ಷದ ಹುಡುಗನನ್ನು ಬವೇರಿಯಾದ ಆಗ್ಸ್‌ಬರ್ಗ್‌ನಲ್ಲಿದ್ದ ನೆಂಟರ ಮನೆಗೆ ಕಳಿಸಿದರು. ಆ ಮನೆಯ ಯಜಮಾನ ಗಣಿತದ ಮೇಷ್ಟ್ರು.

ಅಲ್ಲಿಂದ ಹುಡುಗ ಹಿಂದೆ ತಿರುಗಿ ನೋಡಲಿಲ್ಲ. ಸ್ಕಾಲರ್‌ಶಿಪ್ ಸಿಕ್ಕಿ ಮ್ಯೂನಿಕ್‌ನ ಪಾಲಿಟೆಕ್ನಿಕ್ ಸೇರಿದ. ಕೊನೆಯ ಪರೀಕ್ಷೆ ಹೊತ್ತಿಗೆ ಟೈಫಾಯ್ಡ್ ಬಂದು ಮಲಗಿದ. ಮುಂದಿನ ಪರೀಕ್ಷೆಗೆ ಕಾಯುವಷ್ಟು ದಿನ ಸ್ವಿಟ್ಜರ್ಲೆಂಡಿನ ಸುಲ್ಜರ್ ಕಾರ್ಖಾನೆಯಲ್ಲಿ ಕೆಲಸ ಕಲಿತ. 1880ರಲ್ಲಿ ಪರೀಕ್ಷೆ ಬರೆದು ಒಳ್ಳೆ ಅಂಕಗಳೊಂದಿಗೆ ಪಾಸಾದ.

ಇಂಜಿನ್ ಮಾಡುವ ಯೋಚನೆ ಎಲ್ಲಿಂದ ಬಂತು?

ಐಸ್ ಮಾಡುವವರ ಕಡೆಯಿಂದ! ಮ್ಯೂನಿಕ್‌ನಲ್ಲಿ ಆತನ ಮೇಷ್ಟ್ರು ಕಾರ್ಲ್ ಫಾನ್ ಲಿಂಡೆ, ಫ್ರಿಜ್ ತಂತ್ರಜ್ಞಾನದ ದೊಡ್ಡ ಹೆಸರು. ಆಗಿನ ಉಗಿ ಇಂಜಿನ್ನುಗಳು ಕಲ್ಲಿದ್ದಲ ಶಾಖದಲ್ಲಿ ಹೆಚ್ಚೆಂದರೆ ಹತ್ತರಲ್ಲಿ ಒಂದು ಪಾಲನ್ನು ಕೆಲಸಕ್ಕೆ ತಿರುಗಿಸುತ್ತವೆ, ಉಳಿದದ್ದೆಲ್ಲ ಹಾಳು ಅಂತ ಲಿಂಡೆ ಪಾಠ ಮಾಡಿದ್ದರು. ಈ ಮಾತು ವಿದ್ಯಾರ್ಥಿಯ ತಲೆಯಲ್ಲಿ ಕೂತುಬಿಟ್ಟಿತು. ಓದು ಮುಗಿದ ಮೇಲೆ ರುಡಾಲ್ಫ್ ಹತ್ತು ವರ್ಷಕ್ಕೂ ಹೆಚ್ಚು ಕಾಲ ಲಿಂಡೆಯ ಐಸ್ ಯಂತ್ರಗಳ ಕೆಲಸವನ್ನೇ ಮಾಡಿದ, ಮೊದಲು ಪ್ಯಾರಿಸ್‌ನಲ್ಲಿ, 1890ರಿಂದ ಬರ್ಲಿನ್‌ನಲ್ಲಿ. ನಡುವೆ ಅಮೋನಿಯಾ ಆವಿಯಿಂದ ಓಡುವ ಇಂಜಿನ್ ಮಾಡಲು ಹೋಗಿ ಅದು ಸಿಡಿದು, ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಿದ.

1892ರ ಫೆಬ್ರವರಿಯಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ. ಮರುವರ್ಷ ಮಂಜೂರಾಯಿತು. ಆಗ್ಸ್‌ಬರ್ಗ್‌ನ ಯಂತ್ರ ಕಾರ್ಖಾನೆಯೊಂದು (ಈಗಿನ ಎಂ.ಎ.ಎನ್. ಕಂಪನಿಯ ಮೂಲ ಅದು) ಜಾಗ ಕೊಟ್ಟಿತು. ಅದರ ಮುಖ್ಯಸ್ಥ ಹೈನ್ರಿಖ್ ಫಾನ್ ಬುಜ್ ಬೆನ್ನಿಗೆ ನಿಂತ. ಕ್ರುಪ್ ಕಂಪನಿಯೂ ದುಡ್ಡು ಹಾಕಿತು.

ಪೆಟ್ರೋಲ್ ಇಂಜಿನ್‌ಗೂ ಇದಕ್ಕೂ ಏನು ವ್ಯತ್ಯಾಸ?

ಕಿಡಿ ಹಾರಿಸಿ ಬೆಂಕಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ ಇಲ್ಲ, ಅಷ್ಟೇ. ಆದರೆ ಆ 'ಅಷ್ಟೇ'ಯಲ್ಲೇ ಎಲ್ಲ ಇದೆ.

ಸೈಕಲ್‌ಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುತ್ತದಲ್ಲ, ಅದೇ ತತ್ವ. ಗಾಳಿಯನ್ನು ಒಮ್ಮೆಲೇ ಒತ್ತಿದರೆ ಅದು ಕಾಯುತ್ತದೆ. ಡೀಸೆಲ್ ಇಂಜಿನ್ ಮೊದಲು ಬರೀ ಗಾಳಿಯನ್ನು ಒಳಗೆಳೆದುಕೊಂಡು, ಹದಿನೈದು ಇಪ್ಪತ್ತು ಪಟ್ಟು ಸಣ್ಣ ಜಾಗಕ್ಕೆ ಒತ್ತುತ್ತದೆ. ಆಗ ಗಾಳಿಯ ಉಷ್ಣತೆ 500 ಡಿಗ್ರಿ ದಾಟುತ್ತದೆ. ಆ ಕಾದ ಗಾಳಿಗೆ ನಾಜಲ್‌ನಿಂದ ಸಣ್ಣ ಹನಿಗಳಾಗಿ ಎಣ್ಣೆ ಚಿಮ್ಮುತ್ತದೆ. ಬೆಂಕಿ ತೋರಿಸುವವರು ಯಾರೂ ಬೇಡ, ತಾನೇ ಹೊತ್ತಿಕೊಳ್ಳುತ್ತದೆ. ಪೆಟ್ರೋಲ್ ಇಂಜಿನ್‌ನಲ್ಲಿ ಎಣ್ಣೆ ಮತ್ತು ಗಾಳಿ ಸಾಮಾನ್ಯವಾಗಿ ಬೆರೆತೇ ಒತ್ತಿಕೊಳ್ಳುತ್ತವೆ, ಹಾಗಾಗಿ ಅಲ್ಲಿ ಇಷ್ಟು ಒತ್ತಲು ಆಗುವುದಿಲ್ಲ, ಹೊತ್ತಲ್ಲದ ಹೊತ್ತಲ್ಲಿ ಹೊತ್ತಿಕೊಂಡು ಇಂಜಿನ್ ಬಡಿಯುತ್ತದೆ. ಹೆಚ್ಚು ಒತ್ತಿದಷ್ಟೂ ಶಾಖ ಕೆಲಸಕ್ಕೆ ಹೆಚ್ಚು ಸಿಗುತ್ತದೆ. ಡೀಸೆಲ್ ಗಾಡಿ ಮೈಲೇಜ್ ಜಾಸ್ತಿ ಕೊಡುವುದಕ್ಕೆ ಇದು ಮುಖ್ಯ ಕಾರಣ.

ಇದನ್ನು ಕಣ್ಣಾರೆ ನೋಡಬೇಕೆಂದರೆ ಹ್ಯಾಂಡಲ್ ಹೊಡೆದು ಸ್ಟಾರ್ಟ್ ಮಾಡುವ ಹಳೆ ಪಂಪ್‌ಸೆಟ್ ಹತ್ತಿರ ನಿಲ್ಲಿ. ಇಂಜಿನ್ ತಲೆಯ ಮೇಲೆ ಒಂದು ಪುಟ್ಟ ಲಿವರ್ ಇರುತ್ತದೆ. ಅದನ್ನು ಎತ್ತಿ ಹಿಡಿದರೆ ವಾಲ್ವ್ ತೆರೆದೇ ಇರುತ್ತದೆ, ಗಾಳಿ ಹೊರಗೆ ಹೋಗುತ್ತದೆ, ಹ್ಯಾಂಡಲ್ ಸಲೀಸಾಗಿ ತಿರುಗುತ್ತದೆ. ಒಂದು ಕೈ ಲಿವರ್ ಮೇಲೆ, ಇನ್ನೊಂದು ಹ್ಯಾಂಡಲ್ ಮೇಲೆ. ಪಕ್ಕದ ಭಾರದ ಚಕ್ರಕ್ಕೆ (ಫ್ಲೈವೀಲ್) ವೇಗ ಬಂತು ಅನ್ನಿಸಿದ ಕೂಡಲೇ ಲಿವರ್ ಬಿಡುತ್ತಾರೆ. ಈಗ ಗಾಳಿಗೆ ಹೊರಗೆ ಹೋಗಲು ದಾರಿಯಿಲ್ಲ. ಒತ್ತಿಕೊಳ್ಳುತ್ತದೆ, ಕಾಯುತ್ತದೆ, ಎಣ್ಣೆ ಬೀಳುತ್ತದೆ, 'ಡಬ್' ಅಂತ ಒಂದು ಏಟು, ಕೊಳವೆಯಿಂದ ಒಂದು ಉಂಡೆ ಕರಿ ಹೊಗೆ. ಆಮೇಲೆ ಡಬ್ ಡಬ್ ಡಬ್. ಬ್ಯಾಟರಿ ಇಲ್ಲ, ಪ್ಲಗ್ ಇಲ್ಲ, ವೈರ್ ಇಲ್ಲ. ರುಡಾಲ್ಫ್ ಪೇಟೆಂಟ್‌ನ ತಿರುಳು ಇಷ್ಟೇ.

ಮೊದಲ ಇಂಜಿನ್ ಒಂದೇ ಏಟಿಗೆ ಓಡಿತಾ?

ಎಲ್ಲಿಯ ಮಾತು. 1893ರ ಆಗಸ್ಟ್ 10ರಂದು ಮೊದಲ ಸಲ ಸಿಲಿಂಡರ್ ಒಳಗೆ ಎಣ್ಣೆ ಹೊತ್ತಿಕೊಂಡಿತು. ಒತ್ತಡ ಎಷ್ಟೇರಿತೆಂದರೆ, ಒತ್ತಡ ಅಳೆಯುವ ಉಪಕರಣವೇ ಸಿಡಿದು ಚೂರಾಯಿತು. ಇಂಜಿನ್ ಓಡಲಿಲ್ಲ, ಆದರೆ ಒತ್ತಿದ ಗಾಳಿಯ ಶಾಖಕ್ಕೇ ಎಣ್ಣೆ ಹೊತ್ತುತ್ತದೆ ಅನ್ನುವುದು ಖಾತ್ರಿಯಾಯಿತು. 1894ರ ಫೆಬ್ರವರಿ 17ರಂದು ತಾನೇ ಓಡಿತು, ಸುಮಾರು ಒಂದು ನಿಮಿಷ. ಸರಿಯಾಗಿ ಮೂರು ವರ್ಷದ ಮೇಲೆ, 1897ರ ಫೆಬ್ರವರಿ 17ರಂದು, ಮ್ಯೂನಿಕ್‌ನ ಪ್ರೊಫೆಸರ್ ಮೊರಿಟ್ಜ್ ಶ್ರ್ಯೋಟರ್ ಬಂದು ಅಧಿಕೃತವಾಗಿ ಪರೀಕ್ಷೆ ಮಾಡಿದರು. ಒಂದೇ ಸಿಲಿಂಡರ್, ಆಳೆತ್ತರಕ್ಕಿಂತ ಎತ್ತರದ ಕಬ್ಬಿಣದ ಕಂಬದಂಥ ಯಂತ್ರ, ಸುಮಾರು 18 ಅಶ್ವಶಕ್ತಿ. ಇಂದಿನ ಲೆಕ್ಕದಲ್ಲಿ ಒಂದು ಸಣ್ಣ ಟ್ರ್ಯಾಕ್ಟರ್‌ನಷ್ಟು ಬಲ. ಆದರೆ ಇಂಧನದ ಶಾಖದಲ್ಲಿ ಶೇ. 26.2 ಭಾಗ ಕೆಲಸವಾಗಿ ಬಂದಿತ್ತು. ಆ ಕಾಲಕ್ಕೆ ಅದು ನಂಬಲಾಗದ ಸಂಖ್ಯೆ. ಇವತ್ತು ದೊಡ್ಡ ಹಡಗುಗಳ ಡೀಸೆಲ್ ಇಂಜಿನ್ನುಗಳು ಶೇ. 50 ಮುಟ್ಟಿವೆ.

'ಡೀಸೆಲ್ ಇಂಜಿನ್' ಅಂತ ಹೆಸರಿಟ್ಟದ್ದು ಯಾರು? ತಾನೇ ಇಟ್ಟುಕೊಂಡನಾ?

ಪೇಟೆಂಟ್‌ನಲ್ಲಿ ಆ ಹೆಸರಿಲ್ಲ. 1893ರಲ್ಲಿ ಹೊರಬಂದ ತನ್ನ ಪುಸ್ತಕದಲ್ಲಿ ಆತ ಇದನ್ನು 'ತರ್ಕಬದ್ಧ ಶಾಖ ಇಂಜಿನ್' ಅನ್ನುವ ಅರ್ಥದಲ್ಲಿ ಕರೆದಿದ್ದ. ಬಂಕಿಗೆ ಹೋಗಿ ಹಾಗೆ ಕೇಳುವುದನ್ನು ಊಹಿಸಿಕೊಳ್ಳಿ! ಏನು ಹೆಸರಿಡೋದು ಅಂತ ತಲೆ ಕೆಡಿಸಿಕೊಂಡು ಕೂತಿದ್ದಾಗ, ಸುಮ್ನೆ ನಿಮ್ಮ ಹೆಸರೇ ಇಡಿ ಅಂದವಳು ಹೆಂಡತಿ ಮಾರ್ಥಾ ಅನ್ನುವುದು ಮನೆಯವರಿಂದ ಬಂದ ಕಥೆ. ಒಳ್ಳೆ ಸಲಹೆ.

ಹಾಗಾದರೆ ಪೆಟ್ರೋಲ್ ಇಂಜಿನ್ ಕಂಡುಹಿಡಿದವನ ಹೆಸರು ಯಾಕೆ ಉಳಿಯಲಿಲ್ಲ? 'ಆಟೋ' ಅನ್ನೋದು ಆಟ್ಟೋ ಹೆಸರಾ?

ಅಲ್ಲ. ಇದು ಬಹಳ ಜನಕ್ಕೆ ಇರುವ ಅನುಮಾನ. ನಾಲ್ಕು ಹೊಡೆತದ ಇಂಜಿನ್ನನ್ನು 1876ರಲ್ಲಿ ಓಡಿಸಿ ತೋರಿಸಿದವನು ನಿಕೊಲಾಸ್ ಆಟ್ಟೋ, ಆತನೂ ಜರ್ಮನ್. ನಮ್ಮ ರಿಕ್ಷಾದ 'ಆಟೋ' ಮಾತ್ರ ಗ್ರೀಕ್ ಮೂಲದ್ದು, 'ತಾನೇ ಚಲಿಸುವ' ಅನ್ನುವುದರ ತುಂಡು. ಜರ್ಮನಿಯಲ್ಲಿ ಪೆಟ್ರೋಲ್ ಇಂಜಿನ್ನಿಗೆ ಈಗಲೂ 'ಆಟ್ಟೋಮೋಟರ್' ಅನ್ನುತ್ತಾರೆ. ಆದರೆ ಡೀಸೆಲ್‌ನಂತೆ ಆ ಹೆಸರು ಊರೂರಿನ ಜನರ ಬಾಯಿಗೆ ಬರಲಿಲ್ಲ. ಎಣ್ಣೆಗೆ ಬೇರೆ ಹೆಸರು ಮೊದಲೇ ಇತ್ತು, ಅದಕ್ಕೇ ಇರಬೇಕು.

ಡೀಸೆಲ್ ಪೂರ್ತಿ ಖಾಲಿಯಾದರೆ ಗಾಡಿಗೆ 'ಏರ್ ಹಿಡಿಯುತ್ತದೆ' ಅನ್ನುತ್ತಾರಲ್ಲ, ಯಾಕೆ?

ಇತಿಹಾಸದ ಪುಟದಲ್ಲಿ ಮೆಕ್ಯಾನಿಕ್ ಪ್ರಶ್ನೆ ಯಾಕೆ ಅನ್ನಬೇಡಿ. ರುಡಾಲ್ಫ್‌ನ ತಲೆನೋವೂ ಇದರ ಅಕ್ಕಪಕ್ಕದ್ದೇ.

ಸಿಲಿಂಡರ್ ಒಳಗೆ ಆಗಲೇ ಗಾಳಿ ಭಯಂಕರ ಒತ್ತಡದಲ್ಲಿದೆ. ಅದನ್ನು ಮೀರಿ ಎಣ್ಣೆಯನ್ನು ಒಳಗೆ ನುಗ್ಗಿಸಬೇಕು. ಎಣ್ಣೆಯನ್ನು ಒತ್ತಿದರೆ ಅದು ಕುಗ್ಗುವುದಿಲ್ಲ, ಒತ್ತಡ ನೇರವಾಗಿ ನಾಜಲ್‌ಗೆ ಮುಟ್ಟಿ ಅದು ತೆರೆದುಕೊಳ್ಳುತ್ತದೆ. ಪೈಪಿನೊಳಗೆ ಗಾಳಿ ಸೇರಿದರೆ ಪಂಪ್ ಒತ್ತಿದಾಗಲೆಲ್ಲ ಗಾಳಿಯೇ ಕುಗ್ಗುತ್ತದೆ, ನಾಜಲ್ ತೆರೆಯುವುದೇ ಇಲ್ಲ. ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಇಳಿದರೂ ಗಾಡಿ ಸ್ಟಾರ್ಟ್ ಆಗಲ್ಲ. ಹಳೆ ಲಾರಿಯಾದರೆ ಡ್ರೈವರ್ ಬಾನೆಟ್ ಎತ್ತಿ, ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪ್ ಒತ್ತುತ್ತಾ ಕೂರುತ್ತಾನೆ. ಮೊದಲು ನೊರೆ ಬರುತ್ತದೆ. ನೊರೆ ನಿಂತು ಗುಳ್ಳೆಯಿಲ್ಲದ ಡೀಸೆಲ್ ಬಂದ ಮೇಲೆ ಸ್ಕ್ರೂ ಬಿಗಿ ಮಾಡುತ್ತಾನೆ. ಹೊಸ ಗಾಡಿಗಳಲ್ಲಿ ಇದನ್ನು ತಾವೇ ಮಾಡಿಕೊಳ್ಳುವ ವ್ಯವಸ್ಥೆ ಇರುತ್ತದೆ, ಆದರೂ ಖಾಲಿ ಮಾಡದಿರುವುದೇ ಲೇಸು.

ರುಡಾಲ್ಫ್ ಕಾಲದಲ್ಲಿ ಇಷ್ಟು ಸೂಕ್ಷ್ಮವಾದ ಪಂಪ್ ಮಾಡಲು ಆಗುತ್ತಿರಲಿಲ್ಲ. ಆತ ಎಣ್ಣೆಯನ್ನು ಇನ್ನೂ ಜಾಸ್ತಿ ಒತ್ತಡದ ಗಾಳಿಯಿಂದ ಊದಿ ಒಳಗೆ ಕಳಿಸುತ್ತಿದ್ದ. ಅದಕ್ಕೆ ಪ್ರತ್ಯೇಕ ಕಂಪ್ರೆಸರ್ ಬೇಕು. ಇಂಜಿನ್ ಅದರಿಂದಲೇ ದೊಡ್ಡದಾಯಿತು, ಭಾರವಾಯಿತು. ಕಾರ್ಖಾನೆಗೆ ಸರಿ, ಹಡಗಿಗೆ ಸರಿ, ರಸ್ತೆಗೆ ಆಗಲಿಲ್ಲ. 1927ರಲ್ಲಿ ಬಾಷ್ ಕಂಪನಿ ಎಣ್ಣೆಯನ್ನು ಒತ್ತಿ ಒಳಗೆ ಕಳಿಸುವ ಇಂಜೆಕ್ಷನ್ ಪಂಪನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಲು ಶುರು ಮಾಡಿದ ಮೇಲೆ ಲಾರಿಗಳ ದಾರಿ ಸಲೀಸಾಯಿತು. ಮರ್ಸಿಡಿಸ್ ಬೆಂಜ್ 260 ಡಿ ಅನ್ನುವ ಡೀಸೆಲ್ ಕಾರು ಬಂದದ್ದು 1936ರಲ್ಲಿ. ತನ್ನ ಹೆಸರಿನ ಕಾರು ಓಡುವುದನ್ನು ರುಡಾಲ್ಫ್ ನೋಡಲೇ ಇಲ್ಲ.

ಹಾಗಾದರೆ ಆತ ನೋಡಿದ್ದು ಏನನ್ನು?

ಹಡಗುಗಳನ್ನು, ಒಂದು ರೈಲು ಇಂಜಿನ್ನನ್ನು. ಅಮುಂಡ್ಸೆನ್ ದಕ್ಷಿಣ ಧ್ರುವಕ್ಕೆ ಹೋದ 'ಫ್ರಾಮ್' ಹಡಗಿಗೆ ಡೀಸೆಲ್ ಇಂಜಿನ್ ಕೂರಿಸಿದ್ದರು. 1912ರಲ್ಲಿ ಡೆನ್ಮಾರ್ಕಿನ 'ಸೆಲಾಂಡಿಯಾ' ಹಡಗು ಬ್ಯಾಂಕಾಕ್‌ವರೆಗೆ ಹೋಗಿ ಬಂತು. ಹೊಗೆ ಕಾರುವ ದೊಡ್ಡ ಚಿಮಣಿಯಿಲ್ಲದ ಹಡಗನ್ನು ನೋಡಲು ಬಂದರುಗಳಲ್ಲಿ ಜನ ಸೇರುತ್ತಿದ್ದರು. ಬೆಂಕಿಗೆ ಕಲ್ಲಿದ್ದಲು ಎಸೆಯುವ ಹತ್ತಾರು ಆಳುಗಳ ಕೆಲಸ ಹೋಯಿತು ಅನ್ನುವುದೂ ನಿಜ.

ಮೊದಲ ಡೀಸೆಲ್ ಇಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತಂತೆ, ಹೌದಾ?

ಪ್ರತಿ ಆಗಸ್ಟ್ 10ರಂದು, ವಿಶ್ವ ಜೈವಿಕ ಇಂಧನ ದಿನ ಬಂದಾಗ, ವಾಟ್ಸಾಪ್‌ನಲ್ಲಿ ಈ ಮಾತು ಸುತ್ತುತ್ತದೆ. ಎರಡು ಬೇರೆ ಘಟನೆಗಳು ಕಲಸಿಹೋಗಿವೆ. ಆಗಸ್ಟ್ 10 ನಿಜ, ಅದು 1893ರ ಆ ಸಿಡಿದ ಪ್ರಯೋಗದ ದಿನ. ಅವತ್ತು ಕಡಲೆಕಾಯಿ ಎಣ್ಣೆ ಇರಲಿಲ್ಲ. ಕಡಲೆಕಾಯಿ ಎಣ್ಣೆ ಬಂದದ್ದು 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ. ತನ್ನ ಆಫ್ರಿಕಾ ವಸಾಹತುಗಳಲ್ಲಿ ಬೆಳೆಯುವ ಕಡಲೆಕಾಯಿಯಿಂದ ಅಲ್ಲೇ ಇಂಜಿನ್ ಓಡಿಸಬಹುದೇ ಅಂತ ಫ್ರಾನ್ಸ್ ಸರ್ಕಾರಕ್ಕೆ ಕುತೂಹಲ. ಆಟ್ಟೋ ಕಂಪನಿ ಅಲ್ಲಿಟ್ಟಿದ್ದ ಒಂದು ಸಣ್ಣ ಡೀಸೆಲ್ ಇಂಜಿನ್ನಿಗೆ ಆ ಎಣ್ಣೆ ಹಾಕಿ ಓಡಿಸಿದರು. ಯಾವ ಬದಲಾವಣೆಯನ್ನೂ ಮಾಡಿರಲಿಲ್ಲ. ಎಷ್ಟು ಸಲೀಸಾಗಿ ಓಡಿತೆಂದರೆ ನೋಡಿದವರಲ್ಲಿ ಬಹಳ ಜನಕ್ಕೆ ಗೊತ್ತೇ ಆಗಲಿಲ್ಲ ಅಂತ ರುಡಾಲ್ಫ್ ಆಮೇಲೆ ಬರೆದಿದ್ದಾನೆ.

ಹೊಂಗೆ ಎಣ್ಣೆ ಹಾಕಿದರೂ ಓಡುತ್ತಾ?

ಓಡುತ್ತದೆ. ಕರ್ನಾಟಕದಲ್ಲಿ ಹೊಂಗೆ ಎಣ್ಣೆಯಿಂದ ಜನರೇಟರ್, ಪಂಪ್‌ಸೆಟ್ ಓಡಿಸಿದ ಪ್ರಯೋಗಗಳು ಸಾಕಷ್ಟು ನಡೆದಿವೆ. ಹಳೆ ಕಾಲದ ನಿಧಾನ ಇಂಜಿನ್ನುಗಳು ಇದನ್ನು ಜಾಸ್ತಿ ಸಹಿಸುತ್ತವೆ. ತೊಂದರೆ ಏನೆಂದರೆ ಹಸಿ ಎಣ್ಣೆ ಗಟ್ಟಿ. ನಾಜಲ್‌ನಲ್ಲಿ ಸಣ್ಣ ಹನಿಯಾಗದೆ ಅರ್ಧಂಬರ್ಧ ಸುಟ್ಟು ಮಸಿ ಕಟ್ಟುತ್ತದೆ. ಅದಕ್ಕೇ ಮೆಥನಾಲ್ ಸೇರಿಸಿ ಗ್ಲಿಸರಿನ್ ಬೇರ್ಪಡಿಸಿ ತೆಳು ಮಾಡುತ್ತಾರೆ. ಹಾಗೆ ಮಾಡಿದ್ದೇ ಬಯೋಡೀಸೆಲ್. ನಿಮ್ಮ ಹೊಸ ಕಾರಿಗೆ ಮನೆಯ ಗಾಣದ ಎಣ್ಣೆ ಸುರಿಯಬೇಡಿ, ವಾರಂಟಿ ಅಲ್ಲಿಗೇ ಮುಗೀತು.

ಡೀಸೆಲ್ ಗಾಡಿಗೆ ತಪ್ಪಿ ಪೆಟ್ರೋಲ್ ಹಾಕಿಸಿದರೆ?

ಸ್ಟಾರ್ಟ್ ಮಾಡಬೇಡಿ, ಕೀ ಕೂಡ ತಿರುಗಿಸಬೇಡಿ. ಪಂಪಿಗೂ ನಾಜಲ್‌ಗೂ ಡೀಸೆಲ್ಲೇ ಜಿಡ್ಡು. ಪೆಟ್ರೋಲ್‌ನಲ್ಲಿ ಆ ಜಿಡ್ಡಿಲ್ಲ, ಲೋಹ ಲೋಹಕ್ಕೆ ತಿಕ್ಕುತ್ತದೆ. ತಳ್ಳಿಕೊಂಡು ಪಕ್ಕಕ್ಕೆ ನಿಲ್ಲಿಸಿ ಟ್ಯಾಂಕ್ ಖಾಲಿ ಮಾಡಿಸಿ.

ಆತ ಸತ್ತದ್ದು ಹೇಗೆ? ಕೊಲೆ ಅಂತಾರಲ್ಲ?

ಎಲ್ಲರೂ ಕೊನೆಗೆ ಬಂದು ನಿಲ್ಲುವ ಪ್ರಶ್ನೆ ಇದು. ಗೊತ್ತಿರುವುದನ್ನು ಗೊತ್ತಿರುವಷ್ಟೇ ಹೇಳೋಣ.

1913ರ ಸೆಪ್ಟೆಂಬರ್ 29ರ ಸಂಜೆ ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ಆತ 'ಡ್ರೆಸ್ಡನ್' ಅನ್ನುವ ಉಗಿ ಹಡಗು ಹತ್ತಿದ. ಇಂಗ್ಲೆಂಡಿನಲ್ಲಿ ಕಂಪನಿಯ ಮೀಟಿಂಗ್ ಇತ್ತು. ಜೊತೆಗೆ ಇಬ್ಬರು ಸಂಗಡಿಗರು. ಊಟ ಮಾಡಿ, ಡೆಕ್ ಮೇಲೆ ಅಡ್ಡಾಡಿ, ರಾತ್ರಿ ಹತ್ತರ ಸುಮಾರಿಗೆ ಕ್ಯಾಬಿನ್‌ಗೆ ಹೋದ. ಬೆಳಿಗ್ಗೆ 6.15ಕ್ಕೆ ಎಬ್ಬಿಸಿ ಅಂತ ಹೇಳಿದ್ದ. ಬೆಳಿಗ್ಗೆ ನೋಡಿದರೆ ಕ್ಯಾಬಿನ್ ಖಾಲಿ. ಹಾಸಿಗೆಯ ಮೇಲೆ ಯಾರೂ ಮಲಗಿಲ್ಲ. ರಾತ್ರಿ ಉಡುಪು ಮಡಿಸಿಟ್ಟ ಹಾಗೇ ಇದೆ. ಗಡಿಯಾರ ಹಾಸಿಗೆಯಿಂದ ಕಾಣುವ ಕಡೆ ಇಟ್ಟಿದೆ. ಹಡಗಿನ ಹಿಂಭಾಗದಲ್ಲಿ ಕಟಕಟೆ ಹತ್ತಿರ ಆತನ ಹ್ಯಾಟ್, ಮಡಿಸಿಟ್ಟ ಓವರ್‌ಕೋಟ್ ಸಿಕ್ಕವು.

ಹತ್ತು ದಿನದ ಮೇಲೆ ಡಚ್ ದೋಣಿಯೊಂದರವರಿಗೆ ಸಮುದ್ರದಲ್ಲಿ ಹೆಣ ಕಾಣಿಸಿತು. ಗುರುತು ಸಿಗದಷ್ಟು ಕೆಟ್ಟಿತ್ತು. ಜೇಬಿನಲ್ಲಿದ್ದ ಮಾತ್ರೆ ಡಬ್ಬಿ, ಚಾಕು, ಕನ್ನಡಕದ ಡಬ್ಬಿಯಂಥ ಸಾಮಾನು ತೆಗೆದುಕೊಂಡು ಹೆಣವನ್ನು ಮತ್ತೆ ನೀರಿಗೇ ಬಿಟ್ಟರು. ಆ ಸಾಮಾನು ಅಪ್ಪನದ್ದೇ ಅಂತ ಮಗ ಯೂಜೆನ್ ಗುರುತಿಸಿದ.

ಜರ್ಮನ್ ಗೂಢಚಾರರು ಮುಗಿಸಿದರು, ಎಣ್ಣೆ ಕಂಪನಿಯವರು ಮುಗಿಸಿದರು ಅಂತ ಪತ್ರಿಕೆಗಳು ಅಂದೇ ಬರೆದವು. ಯುದ್ಧದ ಹೊಸ್ತಿಲಿನ ಕಾಲ, ಸಬ್‌ಮೆರೀನ್‌ಗಳಿಗೆ ಡೀಸೆಲ್ ಇಂಜಿನ್ ಬೇಕಿದ್ದ ಕಾಲ. ಹಾಗಾಗಿ ಅಂಥ ಕಥೆ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಇನ್ನೊಂದು ಕಡೆಯ ಸಂಗತಿಗಳು ಜಾಸ್ತಿ ತೂಕದವು. ಹೊರಡುವ ಮುಂಚೆ ಹೆಂಡತಿಗೆ ಒಂದು ಬ್ಯಾಗ್ ಕೊಟ್ಟು ಮುಂದಿನ ವಾರ ತೆಗೆದು ನೋಡು ಅಂದಿದ್ದ. ಅದರಲ್ಲಿ 20,000 ಮಾರ್ಕ್ ನಗದು, ಜೊತೆಗೆ ಖಾತೆಗಳೆಲ್ಲ ಬರಿದಾಗಿವೆ ಅಂತ ತೋರಿಸುವ ಕಾಗದಪತ್ರ. ಆತನ ಡೈರಿಯಲ್ಲಿ ಸೆಪ್ಟೆಂಬರ್ 29ರ ಪುಟದಲ್ಲಿ ಒಂದು ಶಿಲುಬೆ ಗುರುತು. ಮ್ಯೂನಿಕ್‌ನಲ್ಲಿ ದೊಡ್ಡ ಬಂಗಲೆ, ಹೊರಗೆ ಕೋಟ್ಯಧೀಶ ಅನ್ನುವ ಹೆಸರು, ಒಳಗೆ ಜಮೀನು ಮತ್ತು ತೈಲ ವ್ಯವಹಾರದಲ್ಲಿ ಕೈ ಸುಟ್ಟುಕೊಂಡ ಸಾಲ. ಆತನೇ ಪ್ರಾಣ ಬಿಟ್ಟ ಅನ್ನುವುದನ್ನೇ ಹೆಚ್ಚಿನವರು ಒಪ್ಪುತ್ತಾರೆ, ನನಗೂ ಹಾಗೇ ಅನ್ನಿಸುತ್ತದೆ. ಸಾಬೀತಾಗಿಲ್ಲ ಅನ್ನುವುದೂ ನಿಜ.

ಇಂಜಿನ್, ಎಣ್ಣೆ ಬಿಟ್ಟು ಬೇರೆ ಯಾವುದಕ್ಕೆ ಈ ಹೆಸರಿದೆ?

ಇಟಲಿಯ ಜೀನ್ಸ್ ಬ್ರ್ಯಾಂಡ್‌ಗೆ ಇದೆ, ಅದು 1978ರಲ್ಲಿ ಶುರುವಾದದ್ದು. ಜರ್ಮನಿಯ ಕೆಲವು ಕಡೆ ಬಿಯರ್‌ಗೆ ಕೋಲಾ ಬೆರೆಸಿದ ಪಾನೀಯಕ್ಕೂ 'ಡೀಸೆಲ್' ಅನ್ನುತ್ತಾರೆ, ಬಣ್ಣ ನೋಡಿ ಇಟ್ಟ ಹೆಸರಿರಬೇಕು. ನಟ ವಿನ್ ಡೀಸೆಲ್‌ಗೂ ರುಡಾಲ್ಫ್‌ಗೂ ನೆಂಟಸ್ತಿಕೆ ಇಲ್ಲ, ಅದು ಆ ನಟನ ಹುಟ್ಟುಹೆಸರೇ ಅಲ್ಲ. ನಮ್ಮಲ್ಲಿ ಹುಬ್ಬಳ್ಳಿ, ಬೆಂಗಳೂರಿನ ಕೃಷ್ಣರಾಜಪುರಗಳಲ್ಲಿ ರೈಲ್ವೆಯ 'ಡೀಸೆಲ್ ಶೆಡ್'ಗಳಿವೆ. ಲೈನುಗಳಿಗೆಲ್ಲ ಕರೆಂಟು ಬಂದರೂ ಜನ ಕರೆಯುವುದು ಅದೇ ಹೆಸರಿನಿಂದ.

ಇಷ್ಟೊಂದು ಹೊಗೆ ಮಾಡುವ ಇಂಜಿನ್ನನ್ನು ಹೊಗಳೋದು ಸರಿನಾ?

ನ್ಯಾಯವಾದ ಪ್ರಶ್ನೆ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಖಚಿತವಾಗಿ ಹೇಳಿದೆ. ಭಾರತದಲ್ಲಿ 2020ರ ಏಪ್ರಿಲ್‌ನಿಂದ ವಾಹನಗಳ ಹೊಗೆಗೆ ಮಿತಿ ಹಾಕುವ ಬಿ.ಎಸ್. 6 ನಿಯಮ ಬಂದು, ಡೀಸೆಲ್‌ನಲ್ಲಿ ಗಂಧಕದ ಮಿತಿ ಹತ್ತು ಲಕ್ಷಕ್ಕೆ 50 ಪಾಲಿನಿಂದ 10ಕ್ಕೆ ಇಳಿದಿದೆ. ಹೊಸ ಬಸ್ಸಿನ ಹಿಂದೆ ನಿಂತರೆ ವ್ಯತ್ಯಾಸ ಗೊತ್ತಾಗುತ್ತದೆ. ಹಳೆ ಟೆಂಪೋ ಹಿಂದೆ ನಿಂತರೂ ಗೊತ್ತಾಗುತ್ತದೆ.

ಮೊದಲ ಇಂಜಿನ್ನನ್ನು ಎಲ್ಲಾದರೂ ನೋಡಬಹುದಾ?

ಮ್ಯೂನಿಕ್‌ನ ಡಾಯ್ಚಸ್ ಮ್ಯೂಸಿಯಂ, ಆಗ್ಸ್‌ಬರ್ಗ್‌ನ ಎಂ.ಎ.ಎನ್. ಮ್ಯೂಸಿಯಂ, ಎರಡರಲ್ಲೂ ಆ ಕಾಲದ ಯಂತ್ರಗಳಿವೆ. ಆಗ್ಸ್‌ಬರ್ಗ್‌ಗೆ ಹೋದವರು ವಿಟ್ಟಲ್ಸ್‌ಬಾಖರ್ ಪಾರ್ಕಿಗೂ ಹೋಗಿ ಬನ್ನಿ. ಅಲ್ಲಿ ರುಡಾಲ್ಫ್ ನೆನಪಿಗೆ ಜಪಾನಿ ಶೈಲಿಯ ಒಂದು ಕಲ್ಲುತೋಟ ಇದೆ. ಜರ್ಮನಿಯಲ್ಲಿ ಜಪಾನಿ ತೋಟ ಯಾಕೆ ಅಂದರೆ, ಅದನ್ನು 1957ರಲ್ಲಿ ಕೊಡುಗೆಯಾಗಿ ಕೊಟ್ಟದ್ದು ಮಾಗೊಕಿಚಿ ಯಮಾವೊಕಾ, ಯನ್ಮಾರ್ ಕಂಪನಿ ಕಟ್ಟಿದವರು. ದೊಡ್ಡ ಕಾರ್ಖಾನೆಗಳ ಉಗಿ ಇಂಜಿನ್ ಎದುರು ಸಣ್ಣ ಕಸುಬುದಾರರು ನಿಲ್ಲಲಾಗುತ್ತಿಲ್ಲ, ಅವರ ಕೈಗೊಂದು ಸಣ್ಣ ಇಂಜಿನ್ ಸಿಗಬೇಕು ಅನ್ನುವುದು ರುಡಾಲ್ಫ್ ಆಸೆಯಾಗಿತ್ತು. ಆತನ ಕಾಲದಲ್ಲಿ ಅದು ಕೈಗೂಡಲಿಲ್ಲ. 1933ರಲ್ಲಿ ಗದ್ದೆಗೆ ಎತ್ತಿಕೊಂಡು ಹೋಗುವಂಥ ಪುಟ್ಟ ಡೀಸೆಲ್ ಇಂಜಿನ್ ಮಾಡಿ ರೈತರಿಗೆ ಮಾರಿದವರು ಈ ಯಮಾವೊಕಾ.